ದೋಸೆ ಹಂಚಿಗೆ ವಯಸ್ಸೆಷ್ಟು?

ನಿಮ್ಮ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು ಅಂತ ಕೇಳಿದರೆ ಏನು ಹೇಳ್ತೀರಿ? ಅಜ್ಜಿಯಿಂದ ಬಂದ ಹಿತ್ತಾಳೆ ಪರಾತ ಅನ್ನಬಹುದು. ಮೂಲೆ ಸೇರಿರುವ ಒರಳು ಕಲ್ಲು ಅನ್ನಬಹುದು. ನನ್ನ ಉತ್ತರ ಮಾತ್ರ ದೋಸೆ ಹಂಚು. ನೀವು ಅದನ್ನು ಕಾವಲಿ ಅನ್ನಿ, ತವಾ ಅನ್ನಿ, ನಮ್ಮ ಬಳ್ಳಾರಿ ಕಡೆ ಅದು ಹಂಚು. ಕಳೆದ ವಾರವಷ್ಟೇ ಸಂತೆಯಲ್ಲಿ ತಂದದ್ದಾದರೂ ಪರವಾಗಿಲ್ಲ. ಅದರೊಳಗಿನ ಕಬ್ಬಿಣ ನಮ್ಮ ಸಂಡೂರಿನ ಗುಡ್ಡದ್ದಾಗಿದ್ದರೆ, ಅದು ಸಮುದ್ರದ ತಳದಲ್ಲಿ ಪದರಪದರವಾಗಿ ಕೂತು 260 ಕೋಟಿ ವರ್ಷಕ್ಕೂ ಮಿಕ್ಕಿ ಆಗಿದೆ. ಹಂಪಿಯ ಬಂಡೆಗಳಿಗಿಂತಲೂ ಹಳೆಯದು!

ಅದನ್ನು ಅಲ್ಲಿ ಕೂರಿಸಿದ್ದು ಯಾರು ಗೊತ್ತಾ? ಕಣ್ಣಿಗೆ ಕಾಣದ ಜೀವಿಗಳು. ಗಿಡ ಇಲ್ಲದ, ಮೀನು ಇಲ್ಲದ, ಒಂದು ಹುಳು ಕೂಡ ಇಲ್ಲದ ಕಾಲದ ಜೀವಿಗಳು.

ನಾನು ಹುಟ್ಟಿ ಬೆಳೆದದ್ದು ಸಂಡೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಓದಿದ್ದು ಎಂಜಿನಿಯರಿಂಗ್, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಕಲ್ಲು ಮಣ್ಣಿನ ಶಾಸ್ತ್ರ ನನ್ನ ಹೊಟ್ಟೆಪಾಡಿನ ವಿಷಯವೇನಲ್ಲ. ಆದರೆ ಬಟ್ಟೆ, ಬಾಗಿಲು, ಬೇವಿನ ಎಲೆ ಎಲ್ಲವೂ ಕೆಂಪಾಗಿದ್ದ ಊರಲ್ಲಿ ಬೆಳೆದವರಿಗೆ ಈ ಕೆಂಪು ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಬಿಡುವುದಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

ಬೋರ್‌ವೆಲ್ ಬಕೆಟ್‌ನಲ್ಲಿದೆ ಉತ್ತರ

ಕೆಲವು ಊರುಗಳ ಬೋರ್‌ವೆಲ್ ನೀರನ್ನು ನೀವು ನೋಡಿರುತ್ತೀರಿ. ಹಿಡಿಯುವಾಗ ತಿಳಿಯಾಗಿರುತ್ತೆ. ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ, ಬಕೆಟ್ ಸುತ್ತ ಅಳಿಸಿದರೂ ಹೋಗದ ಕಂದು ಬಣ್ಣದ ಗೆರೆ. ನೀರಿಗೆ ಯಾರೂ ಏನೂ ಹಾಕಿಲ್ಲ. ಹಾಗಾದರೆ ಗಸಿ ಎಲ್ಲಿಂದ ಬಂತು?

ಭೂಮಿಯ ಆಳದಲ್ಲಿ ಗಾಳಿ ಆಡುವುದಿಲ್ಲ. ಅಲ್ಲಿ ಕಬ್ಬಿಣ ಉಪ್ಪಿನ ಹಾಗೆ ನೀರಿನಲ್ಲಿ ಕರಗಿಕೊಂಡಿರುತ್ತೆ, ಬಣ್ಣ ಕಾಣುವುದಿಲ್ಲ. ಮೇಲೆ ಬಂದು ಗಾಳಿಯ ಆಮ್ಲಜನಕ ತಾಗಿದ ಕೂಡಲೇ ಅದು ತುಕ್ಕಾಗುತ್ತೆ. ತುಕ್ಕು ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಇಳಿಯುತ್ತೆ. ಅಷ್ಟೇ ವಿಷಯ.

ಈಗ ಬಕೆಟ್ ಬದಲು ಇಡೀ ಸಮುದ್ರವನ್ನು ಕಲ್ಪಿಸಿಕೊಳ್ಳಿ. ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷ ಆಯಿತು. ಅದರ ಮೊದಲರ್ಧದಲ್ಲಿ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಿಂದ, ಜ್ವಾಲಾಮುಖಿಗಳಿಂದ ಹೊರಬಂದ ಕಬ್ಬಿಣ ನೀರಿನಲ್ಲಿ ಕರಗಿ ಹಾಗೇ ಇತ್ತು. ನಮ್ಮ ಬೋರ್‌ವೆಲ್ ನೀರಿನ ಹಾಗೆ, ಗಾಳಿ ತಾಗುವುದನ್ನೇ ಕಾಯುತ್ತಾ.

ಆ ಕಾಲಕ್ಕೆ ಕೆಲವು ಸೂಕ್ಷ್ಮಾಣುಗಳು ಹೊಸ ವಿದ್ಯೆ ಕಲಿತವು. ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಮೂರನ್ನೂ ಸೇರಿಸಿ ಊಟ ತಯಾರಿಸಿಕೊಳ್ಳುವ ವಿದ್ಯೆ. ಇವನ್ನು ಸಯನೋಬ್ಯಾಕ್ಟೀರಿಯಾ ಅನ್ನುತ್ತಾರೆ. ಕೃಷಿ ಇಲಾಖೆಯವರು ಭತ್ತದ ಗದ್ದೆಗೆ ಹಾಕಿ ಅಂತ ಹೇಳುವ ನೀಲಿ-ಹಸಿರು ಪಾಚಿ ಇದೆಯಲ್ಲ, ಅದೇ ವಂಶ. ಈ ಅಡುಗೆಯಲ್ಲಿ ಬೇಡವಾಗಿ ಹೊರಗೆ ಬಿಡುವ ಪದಾರ್ಥವೇ ಆಮ್ಲಜನಕ. ಅವು ಬಿಟ್ಟ ಆಮ್ಲಜನಕ ನೀರಿನಲ್ಲಿದ್ದ ಕಬ್ಬಿಣಕ್ಕೆ ತಾಗಿತು, ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು.

ಇನ್ನೊಂದು ದಾರಿಯೂ ಇತ್ತು ಅನ್ನುತ್ತಾರೆ ವಿಜ್ಞಾನಿಗಳು. ಆಮ್ಲಜನಕವನ್ನೇ ಬಿಡದೆ, ಬಿಸಿಲಿನ ಬಲದಿಂದ ನೇರವಾಗಿ ಕಬ್ಬಿಣವನ್ನೇ ತುಕ್ಕು ಮಾಡಿ ಬದುಕುವ ಬ್ಯಾಕ್ಟೀರಿಯಾಗಳು ಇವತ್ತಿಗೂ ಇವೆ. ಹಳೆಯ ಅದಿರುಗಳಲ್ಲಿ ಅವುಗಳ ಪಾಲೂ ದೊಡ್ಡದಿರಬೇಕು ಅಂತ ಒಂದು ವಾದ. ಎರಡರಲ್ಲಿ ಯಾರ ಪಾಲು ಎಷ್ಟು ಅನ್ನೋ ಚರ್ಚೆ ಇನ್ನೂ ನಡೆದಿದೆ. ಎರಡೂ ದಾರಿಯಲ್ಲಿ ಕೂಲಿ ಕೊಟ್ಟವನು ಸೂರ್ಯ, ಕೆಲಸ ಮಾಡಿದ್ದು ಸೂಕ್ಷ್ಮಜೀವಿ.

ಗುಡ್ಡವೇ ಒಂದು ಲಾಗ್ ಫೈಲ್

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಲಾಗ್ ಫೈಲ್ ಅಂತ ಒಂದಿರುತ್ತೆ. ಯಾವ ಹೊತ್ತಿಗೆ ಏನಾಯಿತು ಅನ್ನೋದನ್ನು ಕಂಪ್ಯೂಟರ್ ಸಾಲುಸಾಲಾಗಿ ಬರೆದಿಡುತ್ತಾ ಹೋಗುತ್ತೆ. ಸಂಡೂರಿನ ಪಟ್ಟೆಪಟ್ಟೆ ಕಲ್ಲನ್ನು ನೋಡಿದರೆ ನನಗೆ ಅದೇ ನೆನಪಾಗುತ್ತೆ. ಒಂದು ಗೆರೆ ಕಡುಗೆಂಪು ಅಥವಾ ಕಪ್ಪು, ಅದು ಕಬ್ಬಿಣ. ಅದರ ಪಕ್ಕದ್ದು ತಿಳಿಬಣ್ಣ, ಅದು ಬೆಣಚುಕಲ್ಲಿನ ಜಾತಿಯ ಸಿಲಿಕಾ. ಮತ್ತೆ ಕಬ್ಬಿಣ, ಮತ್ತೆ ಸಿಲಿಕಾ. ಕೆಲವು ಗೆರೆಗಳು ಉಗುರಿನಷ್ಟೇ ದಪ್ಪ. ಪಟ್ಟೆ ಕಬ್ಬಿಣದ ಶಿಲೆ ಅಂತ ಇದಕ್ಕೆ ಹೆಸರು. ಆಮೇಲೆ ಕೋಟ್ಯಂತರ ವರ್ಷಗಳ ಕಾಲ ನೀರು ಇಳಿದಿಳಿದು ಸಿಲಿಕಾ ತೊಳೆದುಹೋದ ಕಡೆ ಕಬ್ಬಿಣದ ಅಂಶ ಇನ್ನೂ ಹೆಚ್ಚಿ, ನೂರಕ್ಕೆ 60ಕ್ಕೂ ಮೀರಿದ ಒಳ್ಳೆಯ ಹೆಮಟೈಟ್ ಅದಿರಾಯಿತು.

ಆ ಜೀವಿಗಳ ಗುರುತೂ ನಮ್ಮ ನೆಲದಲ್ಲೇ ಸಿಕ್ಕಿದೆ. ಸೂಕ್ಷ್ಮಾಣುಗಳು ಚಾಪೆಯ ಹಾಗೆ ಹರಡಿ, ಅದರ ಮೇಲೆ ಮಣ್ಣಿನ ಕಣ ಕೂತು, ಮತ್ತೆ ಅದರ ಮೇಲೆ ಹೊಸ ಚಾಪೆ ಬೆಳೆದು, ಕೊನೆಗೆ ಕಲ್ಲಾಗಿಬಿಟ್ಟ ರಚನೆಗೆ ಸ್ಟ್ರೊಮಟೊಲೈಟ್ ಅನ್ನುತ್ತಾರೆ. ಕತ್ತರಿಸಿದ ಎಲೆಕೋಸಿನ ಹಾಗೆ ಪದರ ಕಾಣುತ್ತೆ. ಸಂಡೂರಿನ ಶಿಲಾಪಟ್ಟಿಯಲ್ಲೂ ಚಿತ್ರದುರ್ಗದ ಶಿಲಾಪಟ್ಟಿಯಲ್ಲೂ ಇಂಥವನ್ನು ನಮ್ಮ ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಜಗತ್ತಿನಲ್ಲಿ ಈವರೆಗೆ ಹೆಚ್ಚಿನವರು ಒಪ್ಪಿರುವ ಅತಿ ಹಳೆಯ ಸ್ಟ್ರೊಮಟೊಲೈಟ್‌ಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾದವು ಮುಖ್ಯ, ವಯಸ್ಸು ಸುಮಾರು 348 ಕೋಟಿ ವರ್ಷ. ಅದೇ ಆಸ್ಟ್ರೇಲಿಯಾದ ಶಾರ್ಕ್ ಬೇ ಅನ್ನೋ ಕಡೆ ಇವತ್ತಿಗೂ ಜೀವಂತ ಸ್ಟ್ರೊಮಟೊಲೈಟ್‌ಗಳು ಬೆಳೆಯುತ್ತಿವೆ. ನೀರು ವಿಪರೀತ ಉಪ್ಪಾಗಿರುವುದರಿಂದ ಅವನ್ನು ಮೇಯುವ ಪ್ರಾಣಿಗಳು ಅಲ್ಲಿ ಕಡಿಮೆ.

ವಿಷವೇ ಉಸಿರಾದ ಕಥೆ

ಕರಗಿದ ಕಬ್ಬಿಣ ಇರುವಷ್ಟು ದಿನ ಬಿಟ್ಟ ಆಮ್ಲಜನಕವನ್ನೆಲ್ಲ ಅದು ಮತ್ತು ಜ್ವಾಲಾಮುಖಿಯ ಅನಿಲಗಳು ನುಂಗಿಕೊಳ್ಳುತ್ತಿದ್ದವು. ನುಂಗುವವರಿಗಿಂತ ಬಿಡುವವರು ಹೆಚ್ಚಾದ ಮೇಲೆ, ಸುಮಾರು 240 ಕೋಟಿ ವರ್ಷಗಳ ಹಿಂದೆ, ಆಮ್ಲಜನಕ ಗಾಳಿಯಲ್ಲಿ ಸೇರಿಕೊಳ್ಳತೊಡಗಿತು.

ನಮಗೆ ಆಮ್ಲಜನಕ ಅಂದರೆ ಪ್ರಾಣವಾಯು. ಅಂದಿನ ಬಹುಪಾಲು ಜೀವಿಗಳಿಗೆ ಅದು ವಿಷ. ಕೆಲವು ಅಳಿದವು, ಕೆಲವು ಗಾಳಿ ತಾಗದ ಜಾಗ ಹುಡುಕಿಕೊಂಡು ಅಡಗಿದವು. ಅಡಗಿದ್ದು ಎಲ್ಲಿ ಅಂತೀರಾ? ಕೆರೆಯ ಕೆಸರಿನ ಅಡಿ, ಗದ್ದೆಯ ರಾಡಿ, ಆಮೇಲೆ ದನದ ಹೊಟ್ಟೆ. ಹಳ್ಳಿಮನೆಯ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಇದ್ದರೆ ಅದರೊಳಗೆ ಸಗಣಿಯಿಂದ ಮೀಥೇನ್ ಮಾಡುವವರು ಇವರ ವಂಶದವರೇ. ಅದಕ್ಕೇ ಆ ಗುಂಡಿಗೆ ಗಾಳಿ ಹೋಗದ ಹಾಗೆ ಮುಚ್ಚಳ ಹಾಕೋದು. ಆಮ್ಲಜನಕ ಬರುವ ಮೊದಲಿನ ಜಗತ್ತಿನ ಒಂದು ತುಣುಕನ್ನು ನಾವು ಹಿತ್ತಲಲ್ಲಿ ಸಾಕಿಕೊಂಡು ಅದರ ಮೇಲೆ ಚಹಾ ಕಾಸ್ತೀವಿ!

ಇನ್ನು ಎಲೆಯ ಹಸಿರು. ಗಿಡಗಳ ಜೀವಕೋಶದಲ್ಲಿ ಅಡುಗೆ ಮಾಡುವ ಹಸಿರು ಕಣಗಳಿವೆಯಲ್ಲ, ಅವು ಎಂದೋ ಒಂದು ಕಾಲದಲ್ಲಿ ದೊಡ್ಡ ಜೀವಕೋಶದೊಳಗೆ ಸೇರಿಕೊಂಡು ಅಲ್ಲೇ ಉಳಿದ ಸಯನೋಬ್ಯಾಕ್ಟೀರಿಯಾಗಳ ಸಂತತಿ. ಹಿತ್ತಲ ಕರಿಬೇವಿನಿಂದ ಹಿಡಿದು ಮಲೆನಾಡಿನ ಕಾಡಿನವರೆಗೆ ಎಲ್ಲರ ಅಡುಗೆಮನೆಯಲ್ಲೂ ಅದೇ ಹಳೆಯ ಅಡುಗೆಯವರು. ನಮ್ಮ ಮೈಯಲ್ಲಿ ಮೂರ್ನಾಲ್ಕು ಗ್ರಾಂ ಕಬ್ಬಿಣ ಇದೆ, ಒಂದು ಮೊಳೆಯಷ್ಟು. ಅದರಲ್ಲಿ ಹೆಚ್ಚಿನ ಪಾಲು ರಕ್ತದಲ್ಲಿ ಆಮ್ಲಜನಕ ಹೊರುವ ಕೆಲಸ ಮಾಡುತ್ತೆ. ಸಮುದ್ರದ ತಳದಲ್ಲಿ ಶುರುವಾದ ಈ ಇಬ್ಬರ ನಂಟು ಇವತ್ತು ನಮ್ಮ ನಾಡಿಯಲ್ಲೂ ನಡೆದಿದೆ.

ತುಕ್ಕು ಬಿಡಿಸುವ ಖರ್ಚು

ಶುದ್ಧ ಹೆಮಟೈಟ್ 10 ಕಿಲೋ ತೂಗಿದರೆ ಅದರಲ್ಲಿ 7 ಕಿಲೋ ಕಬ್ಬಿಣ, ಉಳಿದ 3 ಕಿಲೋ ಆ ಪುರಾತನ ಆಮ್ಲಜನಕ. ಹಂಚು ಮಾಡಬೇಕಾದರೆ ಈ 3 ಕಿಲೋವನ್ನು ಬಿಡಿಸಿ ತೆಗೆಯಬೇಕು. ಕುಲುಮೆಯ ಕೆಲಸ ಇಷ್ಟೇ, ಬ್ಯಾಕ್ಟೀರಿಯಾ ಮಾಡಿಟ್ಟ ತುಕ್ಕನ್ನು ಬಿಡಿಸೋದು.

ಆಮ್ಲಜನಕ ಸುಮ್ಮನೆ ಬಿಡುವುದಿಲ್ಲ. ಅದಕ್ಕೆ ಕಬ್ಬಿಣಕ್ಕಿಂತ ಪ್ರೀತಿಯ ಇನ್ನೊಂದು ಜೊತೆ ತೋರಿಸಬೇಕು. ಆ ಜೊತೆಯೇ ಇಂಗಾಲ. ನಮ್ಮ ಹಿಂದಿನ ಕಮ್ಮಾರರು ಸೌದೆ ಇದ್ದಿಲು ಬಳಸ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಕೂಡ ಮೊದಲು ಉರಿಸಿದ್ದು ಮಲೆನಾಡಿನ ಕಾಡಿನ ಇದ್ದಿಲನ್ನೇ. ಅದಿರು ಬರ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಹೆಸರು ನೋಡಿ, ಕೆಂಪು ಮಣ್ಣಿನ ಗುಂಡಿ! ಊರಿಗೆ ಹೆಸರಿಟ್ಟವರಿಗೆ ರಸಾಯನಶಾಸ್ತ್ರ ಬೇಕಾಗಿರಲಿಲ್ಲ, ಕಣ್ಣು ಸಾಕಾಗಿತ್ತು. ಜೋಗದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳೂ ಬಂದವು.

ಇವತ್ತಿನ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಇದ್ದಿಲು ಸಾಲದು, ಕಲ್ಲಿದ್ದಲೇ ಬೇಕು. ಅದರಲ್ಲೂ ಕೋಕ್ ಮಾಡಲು ಬರುವಂಥ ಕಲ್ಲಿದ್ದಲು ನಮ್ಮಲ್ಲಿ ಕಡಿಮೆ. ಹೆಚ್ಚಿನದನ್ನು ಹೊರಗಿನಿಂದ ತರಿಸಬೇಕು, ಅದರಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯಾದ್ದು. ಜಾರ್ಖಂಡದ ಕಲ್ಲಿದ್ದಲಾಗಲಿ ಪೂರ್ವ ಆಸ್ಟ್ರೇಲಿಯಾದ ಕಲ್ಲಿದ್ದಲಾಗಲಿ ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದಿನ ಜೌಗು ಕಾಡುಗಳ ಅವಶೇಷ. ಆಗ ಭಾರತ, ಆಸ್ಟ್ರೇಲಿಯಾ, ಆಫ್ರಿಕಾ, ಅಂಟಾರ್ಕ್ಟಿಕಾ ಎಲ್ಲ ಒಂದೇ ಮನೆಯಲ್ಲಿ ಇದ್ದವು. ಆ ಅವಿಭಕ್ತ ಭೂಖಂಡದ ಹೆಸರು ಗೊಂಡ್ವಾನಾ, ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ ಬಂದ ಹೆಸರು. ಮನೆ ಪಾಲಾಗಿ ಕೋಟ್ಯಂತರ ವರ್ಷ ಆದ ಮೇಲೆ, ಅಣ್ಣನ ಪಾಲಿನ ಇದ್ದಿಲನ್ನು ತಮ್ಮ ಹಡಗಿನಲ್ಲಿ ತರಿಸಿಕೊಂಡ ಹಾಗೆ ನಮ್ಮ ವ್ಯವಹಾರ.

ಲೆಕ್ಕ ಹಾಕೋಣ. ಊದುಕುಲುಮೆಯ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ ಅದಿರು, ಮುಕ್ಕಾಲು ಟನ್ನಿಗೂ ಮಿಕ್ಕ ಕಲ್ಲಿದ್ದಲು ಬೇಕು. ಹೊರಗೆ ಹೋಗುವ ಇಂಗಾಲದ ಡೈಆಕ್ಸೈಡ್ ಎರಡು ಟನ್ನಿಗೂ ಹೆಚ್ಚು. ನಿಮ್ಮ ಹಂಚು ಎರಡು ಕಿಲೋ ಇದ್ದರೆ, ಇದೇ ಲೆಕ್ಕದಲ್ಲಿ ಮೂರು ಕಿಲೋ ಅದಿರು, ಒಂದೂವರೆ ಕಿಲೋ ಕಲ್ಲಿದ್ದಲು, ನಾಲ್ಕು ಕಿಲೋಗೂ ಮಿಕ್ಕ ಹೊಗೆ. ಬಿಸಿಲು 260 ಕೋಟಿ ವರ್ಷದ ಹಿಂದೆ ಕಟ್ಟಿಸಿದ ಗಂಟನ್ನು, 25 ಕೋಟಿ ವರ್ಷದ ಹಿಂದಿನ ಬಿಸಿಲು ತಂದು ಬಿಚ್ಚೋದು. ಬಿಚ್ಚಿದ ಆಮ್ಲಜನಕ ಇಂಗಾಲದ ಕೈ ಹಿಡಿದು ನಮ್ಮ ಕಾಲದ ಆಕಾಶಕ್ಕೆ ಹೋಗುತ್ತೆ.

ಇಲ್ಲಿ ಒಂದು ಮಾತು. ಕಬ್ಬಿಣ ಭೂಮಿಯಲ್ಲಿ ಅಪರೂಪದ ವಸ್ತುವೇನಲ್ಲ. ನಾವು ನಿಂತಿರುವ ಭೂಚಿಪ್ಪಿನ ತೂಕದಲ್ಲಿ ನೂರಕ್ಕೆ 5ರಷ್ಟು ಕಬ್ಬಿಣವೇ, ಹೊಲದ ಮಣ್ಣಿನಲ್ಲೂ ಇದೆ. ಅಪರೂಪ ಅಂದರೆ ನೂರಕ್ಕೆ 60ರಷ್ಟು ಒಂದೇ ಕಡೆ ಕೂತಿರೋದು. ಆ ಕೂರಿಸುವ ಕೆಲಸಕ್ಕೆ ಕಾಲವೂ ಜೀವಿಗಳೂ ಕೊಟ್ಟ ಶ್ರಮವನ್ನು ಅದಿರಿನ ಬೆಲೆಯಲ್ಲಿ ಯಾರೂ ಸೇರಿಸುವುದಿಲ್ಲ.

ನಮ್ಮ ಮನೆಯ ಹತ್ತು ಗಾಲಿ

ಈಗ ನಮ್ಮ ಮನೆಯ ವಿಷಯ ಹೇಳಲೇಬೇಕು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, 2003ರ ನಂತರ, ಚೀನಾದಲ್ಲಿ ಕಟ್ಟಡಗಳು ಏಳುವ ಭರಕ್ಕೆ ಅದಿರಿನ ಬೆಲೆ ಏರತೊಡಗಿತು. ಎರಡು ಎಕರೆ ಜೋಳದ ಹೊಲ ಇದ್ದ ನಮ್ಮಪ್ಪ ಫೈನಾನ್ಸ್ ಮಾಡಿ ಹತ್ತು ಗಾಲಿಯ ಲಾರಿ ತಗೊಂಡರು. ಗುಡ್ಡದಿಂದ ಅದಿರು ತುಂಬಿಕೊಂಡು ಬಂದರಿನ ಕಡೆ ಹೋಗೋದು. ನಮ್ಮ ಮನೆಗೆ ತಾರಸಿ ಬಂತು, ಫ್ರಿಜ್ ಬಂತು, ನನಗೆ ಸೈಕಲ್ ಬಂತು. ರಸ್ತೆ ಪಕ್ಕದ ಖಾನಾವಳಿಯವರು, ಪಂಕ್ಚರ್ ಅಂಗಡಿಯವರು, ತಾಡಪತ್ರಿ ಹೊಲಿಯುವವರು ಎಲ್ಲರ ಕೈಯಲ್ಲೂ ದುಡ್ಡು ಆಡಿತು.

ಜೊತೆಗೇ ದೂಳು. ಅವ್ವ ಬೆಳಿಗ್ಗೆ ಅಂಗಳ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಕೆಂಪು. ಒಣಹಾಕಿದ ಬಿಳಿ ಯೂನಿಫಾರಂ ಸಂಜೆಗೆ ಗುಲಾಬಿ. ಜೋಳದ ಗರಿಯ ಮೇಲೆ ದೂಳು ಕೂತು ಇಳುವರಿ ಬೀಳ್ತು, ಎಮ್ಮೆ ಆ ಮೇವನ್ನು ಮೂಸಿ ಬಿಡ್ತಿತ್ತು. ಕೆಮ್ಮು ಇಲ್ಲದ ಮನೆ ನಮ್ಮ ಓಣಿಯಲ್ಲಿ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸಂಡೂರು ಹಸಿರಿನಿಂದ ಎಷ್ಟು ಚೆಂದ ಅಂತ ಹಿರಿಯರು ಹೇಳ್ತಿದ್ದರು, 1934ರಲ್ಲಿ ಗಾಂಧೀಜಿ ಬಂದವರು ನೋಡಿ ಮೆಚ್ಚಿದ್ದರು ಅಂತ ಶಾಲೆಯಲ್ಲೂ ಕೇಳಿದ್ದೆ. ನಮ್ಮ ಕಣ್ಣಿಗೆ ಬಿದ್ದದ್ದು ಲಾರಿ ಸಾಲು ಮತ್ತು ಮಂಜಿನ ಹಾಗೆ ನಿಂತ ಕೆಂಪು.

ಮುಂದಿನದು ನಿಮಗೆ ಗೊತ್ತಿರುವ ಇತಿಹಾಸ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು ಬಂದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಕೂಡ ಸೇರಿದವು. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, 2013ರಲ್ಲಿ ಸಿ ವರ್ಗದವನ್ನು ರದ್ದು ಮಾಡಿ, ಉಳಿದವಕ್ಕೆ ವರ್ಷಕ್ಕೆ ಇಷ್ಟೇ ಅಗೆಯಬೇಕು ಅಂತ ಮಿತಿ ಹಾಕಿತು. ಮೂರು ಜಿಲ್ಲೆ ಸೇರಿ 3 ಕೋಟಿ ಟನ್. ಆ ಮಿತಿ ಮುಂದೆ ಏರಿತು. ಆದರೆ ಗುಡ್ಡಕ್ಕೂ ಒಂದು ಲೆಕ್ಕ ಇರಬೇಕು ಅನ್ನೋ ಮಾತು ಆಗ ಮೊದಲ ಸಲ ಕೋರ್ಟಿನ ಕಾಗದದ ಮೇಲೆ ನಮ್ಮೂರಿಗೆ ಬಂತು.

ನಾನಾಗ ಪಿಯುಸಿ. ನಮ್ಮ ಲಾರಿ ಬೇವಿನ ಮರದ ಕೆಳಗೆ ನಿಂತಿತು, ಫೈನಾನ್ಸ್‌ನವರ ಫೋನು ನಿಲ್ಲಲಿಲ್ಲ. ಆ ವರ್ಷ ಎರಡು ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಅಪ್ಪ ಅಂಗಳದಲ್ಲಿ ನಿಂತು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ನೋಡವ್ವಾ, ಗುಡ್ಡ ಕಾಣಾಕ ಹತ್ತೈತೆ. ಆದ್ರ ಕಂತು ಯಾರು ಕಟ್ಟಬೇಕು?" ಎರಡೂ ಮಾತು ನಿಜ. ಲಾರಿ ಮಾರಿ ಸಾಲ ತೀರಿಸಿ ಉಳಿದದ್ದು ನನ್ನ ಎಂಜಿನಿಯರಿಂಗ್‌ನ ಮೊದಲ ವರ್ಷದ ಫೀಸು. ಅಂದರೆ ನನ್ನ ಡಿಗ್ರಿಯ ಬುಡದಲ್ಲೂ ಆ ಬ್ಯಾಕ್ಟೀರಿಯಾಗಳ ದುಡಿಮೆ ಇದೆ.

ಆದ್ದರಿಂದಲೇ ಗಣಿ ಅಂದರೆ ಕೆಟ್ಟದ್ದು, ಮುಚ್ಚಿಬಿಡಿ ಅನ್ನೋ ಮಾತು ನನ್ನ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ. ಹಾಗೇ, ಅದಿರು ಇದೆ ಅಂದ ಮೇಲೆ ಅಗೆಯೋದೇ ಸರಿ ಅನ್ನೋದನ್ನೂ ಒಪ್ಪೋಕೆ ಆಗಲ್ಲ.

ಕುದುರೆಮುಖದ ಪಾಠ

ಅಗೆಯೋದನ್ನು ನಿಲ್ಲಿಸಿದ ಇನ್ನೊಂದು ಊರು ನಮ್ಮ ರಾಜ್ಯದಲ್ಲೇ ಇದೆ. ಕುದುರೆಮುಖದ ಅದಿರನ್ನು 1913ರಲ್ಲಿ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು, ದುಡ್ಡು ಕೊಡಲು ಒಪ್ಪಿದ್ದು ಇರಾನ್. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಕೈಕೊಟ್ಟಿತು. ಆದರೂ ಕಾರ್ಖಾನೆ ನಡೆಯಿತು. ಅಲ್ಲಿನ ಅದಿರು ನಮ್ಮ ಸಂಡೂರಿನಷ್ಟು ಗಟ್ಟಿಯಲ್ಲ, ಪುಡಿ ಮಾಡಿ ಕಬ್ಬಿಣದ ಕಣಗಳನ್ನು ಬೇರ್ಪಡಿಸಬೇಕು. ಆ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಅಗೆದದ್ದರಲ್ಲಿ ಬಹುಪಾಲು ಬೇಡವಾದ ಹೂಳು, ಅದನ್ನು ನಿಲ್ಲಿಸಲು ಲಖ್ಯಾ ಅಣೆಕಟ್ಟು.

ಆ ಗುಡ್ಡಗಳ ಸ್ಥಿತಿ ಬೇರೆ. ವರ್ಷಕ್ಕೆ ನೂರಾರು ಅಂಗುಲ ಮಳೆ ಬೀಳುವ ಜಾಗ. ಹುಲ್ಲುಗಾವಲು, ನಡುವಿನ ಕಣಿವೆಗಳಲ್ಲಿ ಶೋಲಾ ಕಾಡು, ಸಿಂಗಳೀಕ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋದು ಅದೇ ಸಾಲಿನಲ್ಲಿ. ಗುಡ್ಡ ಕೆರೆದರೆ ಮಳೆಗೆ ಮಣ್ಣು ಭದ್ರೆಗೆ ಇಳಿಯುತ್ತೆ, ಭದ್ರೆಯಿಂದ ಜಲಾಶಯಕ್ಕೆ. ಆ ತುಂಗಭದ್ರೆಯ ನೀರೇ ಕೊನೆಗೆ ನಮ್ಮ ಹೊಸಪೇಟೆಗೆ, ಗಂಗಾವತಿಯ ಭತ್ತದ ಗದ್ದೆಗೆ ಬರೋದು. ಪರಿಸರ ಪ್ರಿಯರು ಕೋರ್ಟಿಗೆ ಹೋದರು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಟೌನ್‌ಶಿಪ್ ಖಾಲಿಯಾಯಿತು, ದುಡಿದು ಬದುಕಿದ್ದ ಮನೆಗಳಿಗೆ ಪೆಟ್ಟು ಬಿತ್ತು. ಹುಲ್ಲುಗಾವಲು ಉಳಿಯಿತು, ಹೂಳಿನ ರಾಶಿಯೂ ಅಲ್ಲೇ ಉಳಿಯಿತು.

ಈಗ ಕಥೆ ಸುತ್ತಿ ನಮ್ಮೂರಿಗೇ ಬಂದಿದೆ. ಅದೇ ಕಂಪನಿಗೆ ಸಂಡೂರಿನ ದೇವದಾರಿ ಗುಡ್ಡದಲ್ಲಿ ಗಣಿ ಕೊಡುವ ಯೋಜನೆ 2024ರಲ್ಲಿ ದೊಡ್ಡ ಸುದ್ದಿಯಾಯಿತು. ಸುಮಾರು 400 ಹೆಕ್ಟೇರ್ ಕಾಡಿನ ಪ್ರಶ್ನೆ. ಕೇಂದ್ರ ಮುಂದುವರಿಯೋಣ ಅಂದರೆ, ರಾಜ್ಯದ ಅರಣ್ಯ ಸಚಿವರು ಕಾಡನ್ನು ಹಸ್ತಾಂತರಿಸಬೇಡಿ ಅಂದರು. ಒಂದು ಗುಡ್ಡದಲ್ಲಿ ಅಗೆಯೋದನ್ನು ನಿಲ್ಲಿಸಿದರೆ ಉಕ್ಕಿನ ಹಸಿವು ನಿಲ್ಲುವುದಿಲ್ಲ, ಇನ್ನೊಂದು ಗುಡ್ಡ ಹುಡುಕುತ್ತೆ. 2017ರ ರಾಷ್ಟ್ರೀಯ ಉಕ್ಕು ನೀತಿಯ ಗುರಿ 2030-31ರ ಹೊತ್ತಿಗೆ ವರ್ಷಕ್ಕೆ 30 ಕೋಟಿ ಟನ್ ಸಾಮರ್ಥ್ಯ. ಮೆಟ್ರೋ ಬೇಕು, ಸೇತುವೆ ಬೇಕು. ಕಲ್ಲಿದ್ದಲು ಬಿಟ್ಟು ಗಾಳಿ, ಬಿಸಿಲಿನ ವಿದ್ಯುತ್ ಮಾಡೋಣ ಅಂದರೂ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಗಿರಣಿಯ ಕಂಬ ಉಕ್ಕಿನದು, ಪಾವಗಡದಲ್ಲಿ ಸೋಲಾರ್ ಫಲಕ ಹೊತ್ತು ನಿಂತ ಕಾಲುಗಳೂ ಲೋಹದವು.

ಹಾಗಂತ ಗುಡ್ಡ ಬರೀ ಅದಿರಿನ ಗೋದಾಮಲ್ಲ. ಮಳೆನೀರು ಹಿಡಿದು ಬೇಸಿಗೆಗೆ ಒರತೆಯಾಗಿ ಬಿಡೋದು ಅದೇ ಗುಡ್ಡ. ಅದರ ಮೇಲಿನ ಕಾಡು, ಮೇಲ್ಮಣ್ಣು, ಪಕ್ಕದಲ್ಲೇ ಇರುವ ದರೋಜಿಯ ಕರಡಿಗಳು ಎಲ್ಲ ಸೇರಿ ಒಂದು ಸಂಸಾರ. ಅದಿರು ತೆಗೆದ ಗುಂಡಿಗೆ ಮಣ್ಣು ತುಂಬಿ ಸಸಿ ನೆಡಬಹುದು, ನೆಡಲೇಬೇಕು. ಆದರೆ ಪದರಪದರ ಕಲ್ಲಿನ ಒಳಗೆ ನೀರು ಇಳಿಯುತ್ತಿದ್ದ ದಾರಿಯನ್ನು ಲಾರಿಯಲ್ಲಿ ತಂದು ಸುರಿಯೋಕೆ ಆಗುವುದಿಲ್ಲ.

ಗುಜರಿ ಅಂಗಡಿಯೂ ಒಂದು ಗಣಿ

ಹಾಗಾದರೆ ದಾರಿ ಏನು? ಮೂರು ಕಡೆ ಕೆಲಸ ನಡೆದಿದೆ.

ಮೊದಲನೆಯದು ತುಕ್ಕು ಬಿಡಿಸುವ ಹೊಸ ವಿಧಾನ. ಇಂಗಾಲದ ಬದಲು ಜಲಜನಕ ಕೊಟ್ಟರೆ ಅದು ಅದಿರಿನ ಆಮ್ಲಜನಕದ ಜೊತೆ ಸೇರಿ ನೀರಾಗುತ್ತೆ, ಇಂಗಾಲದ ಹೊಗೆಯ ಬದಲು ಆವಿ. ಸ್ವೀಡನ್ನಿನ ಹೈಬ್ರಿಟ್ ಯೋಜನೆಯವರು 2021ರಲ್ಲಿ ಈ ದಾರಿಯಲ್ಲಿ ಕಬ್ಬಿಣ ಮಾಡಿ ತೋರಿಸಿದರು. ಆ ಜಲಜನಕವನ್ನು ಬಿಸಿಲು, ಗಾಳಿಯ ವಿದ್ಯುತ್ತಿನಿಂದಲೇ ತಯಾರಿಸಬೇಕು, ಖರ್ಚು ಸದ್ಯಕ್ಕೆ ಜಾಸ್ತಿ.

ಎರಡನೆಯದು ಮಿತಿ. ಯಾವ ಗುಡ್ಡ, ಎಷ್ಟು ಟನ್, ಯಾವ ವೇಗ, ಮುಚ್ಚಿದ ಮೇಲೆ ಊರಿನವರಿಗೆ ಏನು ಕೆಲಸ ಅನ್ನೋದನ್ನು ಅಗೆಯುವ ಮೊದಲೇ ಬರೆದಿಡೋದು. ನಮ್ಮಪ್ಪನಂಥವರ ಕಂತಿನ ಪ್ರಶ್ನೆಗೆ ಉತ್ತರ ಇಲ್ಲದ ಯಾವ ಪರಿಸರ ತೀರ್ಮಾನವೂ ಊರಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಗುಡ್ಡದ ಒರತೆಯ ಲೆಕ್ಕ ಇಲ್ಲದ ಯಾವ ಗಣಿ ಯೋಜನೆಯೂ ಪೂರ್ತಿಯಲ್ಲ.

ಮೂರನೆಯದು ನಮ್ಮ ನಿಮ್ಮ ಕೈಯಲ್ಲೇ ಇದೆ. ಉಕ್ಕನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಬಳಸಬಹುದು, ಅದರ ಗುಣ ಕೆಡುವುದು ತೀರಾ ಕಡಿಮೆ. ಹಳೇ ಕಬ್ಬಿಣದಿಂದ ಉಕ್ಕು ಮಾಡಲು ಬೇಕಾಗುವ ಶಕ್ತಿ ಅದಿರಿನಿಂದ ಮಾಡುವುದಕ್ಕೆ ಬೇಕಾದದ್ದರ ಅರ್ಧಕ್ಕಿಂತಲೂ ಕಡಿಮೆ. ತುಕ್ಕು ಒಮ್ಮೆ ಬಿಡಿಸಿ ಆಗಿದೆ, ಮತ್ತೆ ಬಿಡಿಸುವ ಖರ್ಚಿಲ್ಲ. ಅಟ್ಟದ ಮೇಲಿನ ಮುರಿದ ಮಂಚ, ಸವೆದ ನೇಗಿಲ ಕುಳ, ತೂತಾದ ಬಕೆಟ್, ಮಗುವಿನ ಹಳೇ ಸೈಕಲ್ ಇವೆಲ್ಲ ಅಗೆಯಬೇಕಿಲ್ಲದ ಅದಿರು. "ಹಳೇ ಕಬ್ಣಾ..." ಅಂತ ಕೂಗುತ್ತಾ ತಳ್ಳುಗಾಡಿ ತರುವವರನ್ನು ಇನ್ನು ಮುಂದೆ ಸ್ವಲ್ಪ ಗೌರವದಿಂದ ಮಾತಾಡಿಸಿ. ತೂಕಕ್ಕೆ ಚೌಕಾಸಿ ಮಾಡುವಾಗ ಎರಡು ರೂಪಾಯಿ ಹೆಚ್ಚುಕಡಿಮೆ ಆದರೂ ಪರವಾಗಿಲ್ಲ, ಅವರು ಗುಡ್ಡ ಉಳಿಸುವ ಕೆಲಸದಲ್ಲಿದ್ದಾರೆ.

ಹಂಚಿನ ವಿಷಯಕ್ಕೆ ಬಂದರೆ, ಅದನ್ನು ಗುಜರಿಗೂ ಹಾಕಬೇಡಿ. ತುಕ್ಕು ಹಿಡಿದಿದ್ದರೆ ತೆಂಗಿನ ನಾರಿನಿಂದ ಉಜ್ಜಿ, ಒಣಗಿಸಿ, ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಿ. ನಾಲ್ಕಾರು ಸಲ ಹೀಗೆ ಪಳಗಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಬಿಟ್ಟರೆ ಅದು ಮತ್ತೆ ಆಮ್ಲಜನಕದ ಜೊತೆ ಸೇರಿ ಕೆಂಪಾಗಲು ಕಾಯುತ್ತಲೇ ಇರುತ್ತೆ. ಕಬ್ಬಿಣಕ್ಕೆ ಅದೇ ತವರು.